ನಾಯಿಗೂ ಬಿಸಿಲು ಸುಡುತ್ತದೆ

ಮಾನ್ಯರೇ,

ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟಿದೆ. ಆದರೂ ನಡುಮಧ್ಯಾಹ್ನ ಡಾಂಬರು ರಸ್ತೆಯಲ್ಲಿ ನಾಯಿಯನ್ನು ಎಳೆದೊಯ್ಯುವವರನ್ನು ಕಂಡರೆ ಕರುಳು ಚುರುಕ್ ಎನ್ನುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತಲೇ ತಂಪಾಗಬೇಕು. ಒಮ್ಮೆ ಅಂಗೈಯನ್ನು ರಸ್ತೆ ಮೇಲೆ 7 ಸೆಕೆಂಡ್ ಇಟ್ಟು ನೋಡಿ. ನಿಮಗೇ ತಾಳದಿದ್ದರೆ ಅದರ ಪಾದ ಹೇಗೆ ತಾಳೀತು? ವಾಕಿಂಗ್ ಬೆಳಗ್ಗೆ 7ರೊಳಗೆ ಮುಗಿಸಿ.

ಮನೆಯಲ್ಲೇ ಇದ್ದರೆ ಬೇಸರವಾಗುತ್ತದೆ, ನಿಜ. ನಮ್ಮನೆ ರಾಜನಿಗೆ ಬೀಜ ತೆಗೆದು ಫ್ರಿಜ್‌ನಲ್ಲಿಟ್ಟ ಕಲ್ಲಂಗಡಿ ತುಂಡು ಕೊಡುತ್ತೇವೆ. ಒದ್ದೆ ಗೋಣಿಚೀಲದ ಮೇಲೆ ಮಲಗಿ, ಮುಂಗಾಲಲ್ಲಿ ಹಿಡಿದು ನೆಕ್ಕುತ್ತಾ ಕೂರುತ್ತಾನೆ. ಜೊಲ್ಲು ಜಾಸ್ತಿ ಸುರಿಸಿ ತೂರಾಡಿದರೆ ಮಾತ್ರ ಮೈಗೆ ನೀರು ಹಾಕಿ ತಕ್ಷಣ ಪಶುವೈದ್ಯರ ಬಳಿ ಒಯ್ಯಿರಿ.

ಗೇಟಿನಾಚೆ ನೆರಳಲ್ಲೊಂದು ಮಣ್ಣಿನ ಬಾನಿಯಲ್ಲಿ ನೀರಿಡಿ. ಬೀದಿನಾಯಿಗಳಿಗೂ ಬಾಯಾರುತ್ತದೆ ಅಲ್ವಾ?

– ಓದುಗ, ಕಲಬುರಗಿ