ಮೆಡಿಕೇರ್ ಅಡ್ವಾಂಟೇಜ್: ಹೊರಬರುವ ದಾರಿಯೂ ತೆರೆದಿರಲಿ

ಮಾನ್ಯ ಸಂಪಾದಕರೇ,

ಗ್ರೀನ್ ಕಾರ್ಡ್ ಪಡೆದು ಅಮೆರಿಕದಲ್ಲಿ ಮಕ್ಕಳ ಜೊತೆ ನೆಲೆಸಿದ ಕನ್ನಡಿಗ ಹಿರಿಯರು, 65 ತುಂಬಿದ್ದು, ಅಲ್ಲಿ ಸತತ ಐದು ವರ್ಷ ವಾಸವಿದ್ದರೆ, ಹಿರಿಯರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಆರೋಗ್ಯ ವಿಮೆ ಮೆಡಿಕೇರ್ ಅನ್ನು ಪ್ರೀಮಿಯಂ ಕಟ್ಟಿ ಸೇರಬಹುದು. ಮಕ್ಕಳು ಎಷ್ಟು ವರ್ಷ ತೆರಿಗೆ ಕಟ್ಟಿದ್ದರೂ ಅದು ತಂದೆ–ತಾಯಿಯ ಲೆಕ್ಕಕ್ಕೆ ಬರುವುದಿಲ್ಲ. ಆಸ್ಪತ್ರೆ ಖರ್ಚಿನ ‘ಎ’ ಭಾಗ, ವೈದ್ಯರ ಖರ್ಚಿನ ‘ಬಿ’ ಭಾಗ ಎರಡೂ ಇದ್ದವರ ಮುಂದೆ ಇನ್ನೊಂದು ಆಯ್ಕೆ ಬರುತ್ತದೆ: ಸರ್ಕಾರದ ಹಣದಲ್ಲಿ ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್. ಅರ್ಹರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗ ಅದರಲ್ಲೇ ಇದ್ದಾರೆ. ಅದರ ಸುಧಾರಣೆಯ ಚರ್ಚೆ ಬಹುಪಾಲು ಸರ್ಕಾರದ ಖರ್ಚಿನ ಸುತ್ತಲೇ ನಡೆಯುತ್ತದೆ. ಹಿರಿಯರು ಸಿಕ್ಕಿಹಾಕಿಕೊಳ್ಳುವ ಜಾಗ ಬೇರೆಯೇ ಇದೆ.

ಖರ್ಚಿನ ದೂರು ಸುಳ್ಳಲ್ಲ. ಕಂಪನಿಗೆ ಪ್ರತಿ ಸದಸ್ಯನ ಲೆಕ್ಕದಲ್ಲಿ ತಿಂಗಳಿಗಿಷ್ಟು ಹಣ ಬರುತ್ತದೆ; ದಾಖಲಾದ ಕಾಯಿಲೆಗಳು ಹೆಚ್ಚಿದಷ್ಟೂ ಮೊತ್ತ ಹೆಚ್ಚು. ಹಾಗಾಗಿ ಮನೆಗೇ ನರ್ಸ್ ಕಳಿಸಿ ತಪಾಸಣೆ ಮಾಡಿಸುವುದು, ಹಳೆಯ ಕಡತ ಕೆದಕಿ ಕಾಯಿಲೆ ಸೇರಿಸುವುದು ನಡೆದಿದೆ. ಬೇರೆಲ್ಲೂ ಚಿಕಿತ್ಸೆಯ ದಾಖಲೆಯೇ ಇಲ್ಲದ ಇಂಥ ಕಾಯಿಲೆಗಳಿಗಾಗಿ 2023ರಲ್ಲಿ ಸುಮಾರು 750 ಕೋಟಿ ಡಾಲರ್ ಸಂದಾಯವಾಗಿದೆ ಎಂದು ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2024ರಲ್ಲಿ ಅಂದಾಜಿಸಿದರು. ಮದ್ದು ಸರಳ: ಚಿಕಿತ್ಸೆ ನಡೆಯದ ಕಾಯಿಲೆಗೆ ಹಣ ಕೊಡಬಾರದು.

ಚಿಕಿತ್ಸೆಗೆ ಮುನ್ನವೇ ಕಂಪನಿಯ ಒಪ್ಪಿಗೆ ಪಡೆಯಬೇಕೆನ್ನುವ ಪೂರ್ವಾನುಮತಿಯ ಕಾಟ ಇದಕ್ಕಿಂತ ಹತ್ತಿರದ್ದು. 2023ರಲ್ಲಿ ಕಂಪನಿಗಳು ಸುಮಾರು 32 ಲಕ್ಷ ಕೋರಿಕೆಗಳನ್ನು ಪೂರ್ತಿ ಅಥವಾ ಭಾಗಶಃ ತಿರಸ್ಕರಿಸಿದವು. ಮೇಲ್ಮನವಿ ಹೋದದ್ದು ನೂರಕ್ಕೆ ಹನ್ನೆರಡರಷ್ಟು ಪ್ರಕರಣಗಳಲ್ಲಿ ಮಾತ್ರ. ಹೋದವುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪೂರ್ತಿ ಅಥವಾ ಭಾಗಶಃ ಗೆದ್ದವು. ಅಂದರೆ ಸುಮ್ಮನಾದವರಲ್ಲಿ ಎಷ್ಟೋ ಮಂದಿಗೆ ಸಿಗಬೇಕಾದ ಚಿಕಿತ್ಸೆ ಸಿಗಲಿಲ್ಲ. ತಿರಸ್ಕಾರದ ಪತ್ರದಲ್ಲಿರುವ ತಾರೀಖಿನಿಂದ 65 ದಿನದೊಳಗೆ ಮೇಲ್ಮನವಿ ಹಾಕಬೇಕು. ಆ ಚಿಕಿತ್ಸೆ ಏಕೆ ಬೇಕೆಂದು ವೈದ್ಯರಿಂದ ಬರೆಸಿ ಲಗತ್ತಿಸಬೇಕು. ತಡವಾದರೆ ಅಪಾಯವೆಂದು ವೈದ್ಯರು ಹೇಳಿದರೆ 72 ಗಂಟೆಯಲ್ಲಿ ತೀರ್ಮಾನ ಬರಬೇಕು. ಕಂಪನಿ ಮತ್ತೆ ಇಲ್ಲವೆಂದರೆ ಕಡತ ತಾನಾಗಿಯೇ ಸ್ವತಂತ್ರ ಪರಿಶೀಲಕರಿಗೆ ಹೋಗುತ್ತದೆ.

ಇಷ್ಟೆಲ್ಲ ಬೇಡ, ಸರ್ಕಾರವೇ ನಡೆಸುವ ಮೂಲ ಮೆಡಿಕೇರ್‌ಗೇ (‘ಎ’, ‘ಬಿ’ ಭಾಗಗಳಿಗೇ) ಮರಳುತ್ತೇನೆ ಎಂದರೆ? ಪ್ರತಿ ವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಮರಳಲು ಅವಕಾಶವಿದೆ. ಆದರೆ ಮೂಲ ಮೆಡಿಕೇರ್‌ನಲ್ಲಿ ವೈದ್ಯರ ಬಿಲ್ಲಿನ ಶೇ 20 ನಮ್ಮದೇ, ಅದಕ್ಕೆ ಗರಿಷ್ಠ ಮಿತಿ ಇಲ್ಲ. ಅದನ್ನು ತುಂಬಿಕೊಡುವ ಮೆಡಿಗ್ಯಾಪ್ ವಿಮೆಯನ್ನು ಕಾಯಿಲೆ ಕೇಳದೆ ಕೊಡಬೇಕಾದದ್ದು, 65ರ ನಂತರ ‘ಬಿ’ ಭಾಗ ಶುರುವಾದ ಮೊದಲ ಆರು ತಿಂಗಳು. ಆಮೇಲೆ ಕೆಲವು ವಿಶೇಷ ಸಂದರ್ಭ ಬಿಟ್ಟರೆ, ಸಕ್ಕರೆ ಕಾಯಿಲೆಯೋ ಹೃದ್ರೋಗವೋ ಇದ್ದವರಿಗೆ ಕಂಪನಿ ಇಲ್ಲ ಎನ್ನಬಹುದು. ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇಯ್ನ್‌ನಂಥ ಕೆಲವೇ ರಾಜ್ಯಗಳಲ್ಲಿ ವರ್ಷವಿಡೀ ಅಥವಾ ವರ್ಷಕ್ಕೊಮ್ಮೆಯಾದರೂ ಈ ರಕ್ಷಣೆ ಇದೆ. ಆರೋಗ್ಯವಾಗಿದ್ದಾಗ ಅಡ್ವಾಂಟೇಜ್ ಸೇರಿದವರು, ಕಾಯಿಲೆ ಬಿದ್ದು ಹೊರಬರಬೇಕಾದ ಹೊತ್ತಿಗೇ ಬರಲಾರರು. ಸದಸ್ಯ ಬಿಟ್ಟುಹೋಗುತ್ತಾನೆಂಬ ಭಯವಿಲ್ಲದ ಕಂಪನಿ ಪೂರ್ವಾನುಮತಿಯನ್ನು ಏಕೆ ಸಡಿಲಿಸೀತು?

ಕಾಯಿಲೆ ಕೇಳದೆ ಎಲ್ಲರಿಗೂ ಮೆಡಿಗ್ಯಾಪ್‌ನ ಬಾಗಿಲು ತೆರೆದರೆ ಮೆಡಿಗ್ಯಾಪ್ ಪ್ರೀಮಿಯಂ ಏರುತ್ತದೆ ಎಂಬ ಆಕ್ಷೇಪಣೆ ಸರಿಯೇ. ಹಾಗಾದರೆ ಮೂರು ವರ್ಷಕ್ಕೊಮ್ಮೆಯಾದರೂ ತೆರೆಯಲಿ. ಕಾಯಿಲೆ ಪಟ್ಟಿಯ ಮೇಲೆ ಹೆಚ್ಚುವರಿಯಾಗಿ ಹೋಗುತ್ತಿರುವ ಹಣದ ಒಂದು ಪಾಲಿನಿಂದ ಆ ಏರಿಕೆಯನ್ನು ತಗ್ಗಿಸಲಿ. ಅಮೆರಿಕನ್ ಕಾಂಗ್ರೆಸ್ ಮೊದಲು ಮಾಡಬೇಕಾದ ಕೆಲಸ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ವರ್ಷದಲ್ಲಿ ಹಲವು ತಿಂಗಳು ಊರಿಗೆ ಬಂದಿರುವವರು ಗಮನಿಸಬೇಕು: ಸತತ ಆರು ತಿಂಗಳಿಗಿಂತ ಹೆಚ್ಚು ಕಾಲ ಸೇವಾ ವ್ಯಾಪ್ತಿಯ ಹೊರಗಿದ್ದರೆ ಅಡ್ವಾಂಟೇಜ್ ಯೋಜನೆ ಸಾಮಾನ್ಯವಾಗಿ ಹೆಸರು ತೆಗೆಯುತ್ತದೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಆದ ಆಸ್ಪತ್ರೆ ಖರ್ಚನ್ನು ಮೂಲ ಮೆಡಿಕೇರ್ ಕೊಡುವುದಿಲ್ಲ. ಕೆಲವು ಮೆಡಿಗ್ಯಾಪ್ ಪಾಲಿಸಿಗಳು ಪ್ರವಾಸದ ಮೊದಲ 60 ದಿನದ ತುರ್ತು ಚಿಕಿತ್ಸೆಗೆ, 250 ಡಾಲರ್ ಕಳೆದು ಉಳಿದದ್ದರ ಶೇ 80 ಕೊಡುತ್ತವೆ; ಜೀವಮಾನದ ಮಿತಿ 50,000 ಡಾಲರ್. ಸಹಿ ಹಾಕುವ ಮುನ್ನ ಪ್ರತಿ ರಾಜ್ಯದಲ್ಲೂ ಇರುವ ‘ಶಿಪ್’ ಸಲಹಾ ಕೇಂದ್ರದಲ್ಲಿ ವಿಚಾರಿಸಿ. ಅವರು ಶುಲ್ಕ ಕೇಳುವುದಿಲ್ಲ, ಯಾವ ಕಂಪನಿಯ ಕಮಿಷನ್ನೂ ಪಡೆಯುವುದಿಲ್ಲ.

ಇಂತಿ,
ನ್ಯೂಜೆರ್ಸಿಯ ಓದುಗ