ನಿನ್ನ ವಸಡಿನ ಗಡ್ಡೆಯ ವಿಷಯ

ಪ್ರೀತಿಯ ಪುಟ್ಟಿ,

ಹಳೇ ಫೈಲಿನಲ್ಲಿದ್ದ ಡಿಸ್ಚಾರ್ಜ್ ಕಾಗದ ಓದಿ, 'ಅಮ್ಮಾ, ನಂಗೆ ಟ್ಯೂಮರ್ ಇತ್ತಾ?' ಅಂತ ಕೇಳಿದೆಯಲ್ಲ. ಫೋನಿನಲ್ಲಿ ಅರ್ಧಂಬರ್ಧ ಹೇಳಿ ನಿನ್ನನ್ನು ಹೆದರಿಸಲು ಇಷ್ಟವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇತ್ತು. ಹುಟ್ಟುವಾಗಲೇ ನಿನ್ನ ಮೇಲುವಸಡಿನಲ್ಲಿ, ಕೋರೆಹಲ್ಲು ಬರುವ ಜಾಗದ ಹತ್ತಿರ, ನೆಲ್ಲಿಕಾಯಿಯಷ್ಟು ದಪ್ಪದ ನುಣುಪಾದ ಗಡ್ಡೆ ತೊಟ್ಟಿನಿಂದ ನೇತಾಡುತ್ತಿತ್ತು. ಬಾಯಿ ಮುಚ್ಚಲು ಆಗುತ್ತಿರಲಿಲ್ಲ. ಎದೆಗಿಟ್ಟರೆ ಚೀಪಲಾರದೆ ಅಳುತ್ತಿದ್ದೆ. ಹಾಲು ಹಿಂಡಿ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುತ್ತಿದ್ದೆವು.

ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: ಗ್ರಹಣದ ದಿನ ಹೊರಗೆ ಹೋಗಿದ್ದೆಯಾ, ಏನಾದರೂ ಹೆಚ್ಚಿದ್ದೆಯಾ? ನಿನ್ನ ಕಿವಿಗೂ ಈ ಮಾತು ಎಂದಾದರೂ ಬಿದ್ದೀತು. ನಂಬಬೇಡ. ಇದಕ್ಕೆ ಕಂಜೆನಿಟಲ್ ಎಪುಲಿಸ್, ಅಂದರೆ ಹುಟ್ಟಿನಿಂದಲೇ ಇರುವ ವಸಡಿನ ಗಡ್ಡೆ, ಅನ್ನುತ್ತಾರೆ. 1871ರಲ್ಲೇ ಜರ್ಮನಿಯ ವೈದ್ಯ ಅರ್ನ್ಸ್ಟ್ ನಾಯ್ಮನ್ ಇದನ್ನು ವಿವರಿಸಿದ್ದರು. ತೀರಾ ಅಪರೂಪ, ಬಂದರೆ ಹೆಣ್ಣುಕೂಸುಗಳಿಗೇ ಹೆಚ್ಚು, ಗಂಡುಕೂಸುಗಳಿಗಿಂತ ಸುಮಾರು 8ರಿಂದ 10 ಪಟ್ಟು. ಅದಕ್ಕೇ ತಾಯಿಯ ಹಾರ್ಮೋನಿನ ಮೇಲೆ ಸಂಶಯಪಟ್ಟರು, ಆದರೆ ಅದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಬಸುರಿ ತಿಂದದ್ದರಿಂದಲೋ ಮಾಡಿದ್ದರಿಂದಲೋ ಬರುತ್ತದೆಂದು ಯಾರೂ ತೋರಿಸಿಕೊಟ್ಟಿಲ್ಲ.

ಹುಟ್ಟಿದ ಮೇಲೆ ಈ ಗಡ್ಡೆ ಸಾಮಾನ್ಯವಾಗಿ ಬೆಳೆಯುವುದಿಲ್ಲ. ಸಣ್ಣದಾದರೆ ತಾನೇ ಕರಗುವುದೂ ಉಂಟು, ಹಾಗಾಗಿ ಕೆಲವರಿಗೆ ಕಾದು ನೋಡುತ್ತಾರೆ. ಹಾಲೇ ಕುಡಿಯಲಾಗದ ನಿನ್ನನ್ನಿಟ್ಟುಕೊಂಡು ಕಾಯುವ ಹಾಗಿರಲಿಲ್ಲ.

ನನಗೆ ಕತ್ತರಿಗಿಂತ ಅರಿವಳಿಕೆಯ ಭಯವೇ ದೊಡ್ಡದಾಗಿತ್ತು. ಬಾಯಿಗೆ ಗಡ್ಡೆ ಅಡ್ಡವಿರುವಾಗ ಅಷ್ಟು ಎಳೇ ಕೂಸಿನ ಗಂಟಲಿಗೆ ಉಸಿರಿನ ಕೊಳವೆ ಇಳಿಸುವುದೆಂದರೆ ಸಾಮಾನ್ಯವೇ? ಸರ್ಜನ್ನನ್ನು ಎಲ್ಲರೂ ನೆನೆಯುತ್ತಾರೆ. ನಾನು ಅರಿವಳಿಕೆ ಕೊಟ್ಟ ಡಾಕ್ಟರಮ್ಮನನ್ನು ಇವತ್ತಿಗೂ ನೆನೆಯುತ್ತೇನೆ. ಆಮೇಲಿನ ಕೆಲಸ ಬೇಗ ಮುಗಿಯಿತು. ತೊಟ್ಟನ್ನು ಬುಡದಲ್ಲಿ ಕತ್ತರಿಸಿ, ರಕ್ತ ನಿಲ್ಲಲು ಕಾಟರಿ ಅನ್ನುವ ಬಿಸಿ ಸಲಕರಣೆಯಿಂದ ಸುಟ್ಟರು. ಆಳಕ್ಕೆ ಕೆತ್ತಲಿಲ್ಲ, ವಸಡಿನೊಳಗೆ ನಿನ್ನ ಹಾಲುಹಲ್ಲುಗಳು ತಯಾರಾಗುತ್ತಿದ್ದವು. ಚೂರು ಉಳಿದರೂ ಇದು ಮರಳಿ ಬರುವುದಿಲ್ಲವಂತೆ. ಮಾರನೇ ದಿನ ನೀನು ಎದೆಗೆ ಬಾಯಿಟ್ಟು ಸದ್ದಾಗುವಂತೆ ಚೀಪಿದೆ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಬಯಾಪ್ಸಿ ರಿಪೋರ್ಟೂ ಅದೇ ಫೈಲಿನಲ್ಲಿದೆ, ನೋಡು. ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವ ಜಾತಿಯದೂ ಅಲ್ಲ. ಹಲ್ಲಿನ ಡಾಕ್ಟರು ಕೇಳಿದರೆ ಎರಡೂ ಕಾಗದ ತೋರಿಸು. ಇನ್ನೂ ಏನಾದರೂ ಅನುಮಾನವಿದ್ದರೆ ಹಬ್ಬಕ್ಕೆ ಬಂದಾಗ ಕೇಳು, ಕೂತು ಮಾತಾಡೋಣ.

ಇಂತಿ,
ನಿನ್ನ ಅಮ್ಮ