ಹೋಂಸ್ಟೇಯಲ್ಲಿ ಮನೆಯವರು ಇರಲಿ

ಮಾನ್ಯರೇ,

ಕೊಡಗಿನಲ್ಲಿ ಹೋಂಸ್ಟೇ ಹೆಚ್ಚಿದ್ದು ಕಷ್ಟದ ಕಾಲದಲ್ಲಿ. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕೆಂದು ಮಿತಿ ಹಾಕಿ ಬೆಲೆ ಕಾಯುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರಲ್ಲಿ ಮುರಿದುಬಿತ್ತು. 2001-02ರ ಹೊತ್ತಿಗಂತೂ ಕಾಫಿ ಬೆಲೆ ಪಾತಾಳ ಕಂಡಿತ್ತು. ಆಳುಗಳ ಸಂಬಳಕ್ಕೂ ಪರದಾಟ. ಗುಡ್ಡದ ಮೇಲಿನ ಎಷ್ಟೋ ತೋಟದ ಮನೆಯವರು ಖಾಲಿ ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟರು.

ನಮ್ಮ ಮನೆಯಲ್ಲೂ ಹಾಗೇ ಆಯ್ತು. ಅಜ್ಜನ ಮಂಚಕ್ಕೆ ಹೊಸ ಹಾಸಿಗೆ ಬಂತು. ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದು ಹಂಡೆಗೆ ಬೆಂಕಿ ಹಾಕುತ್ತಿದ್ದರು. ಮಧ್ಯಾಹ್ನ ಬಿಸಿಬಿಸಿ ಕಡಂಬುಟ್ಟು, ಪಂದಿಕರಿ. ಬಂದವರ ಮಕ್ಕಳು ಕಣದಲ್ಲಿ ಒಣಗಲು ಹಾಕಿದ ಕಾಫಿ ಹಣ್ಣನ್ನು ಬರಿಗಾಲಲ್ಲೇ ಕೆದಕುತ್ತಿದ್ದವು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಆ ಹಳೆಯ ಅತಿಥಿಗಳೇ ಫೋನ್ ಮಾಡಿ, 'ಅಮ್ಮ ಹೇಗಿದ್ದಾರೆ?' ಅಂತ ಕೇಳಿದ್ದರು. ಅದನ್ನು ಮರೆಯೋಕೆ ಆಗಲ್ಲ.

ಈಗ ಮಾಲೀಕರ ಸುಳಿವೇ ಇಲ್ಲದ ಕಟ್ಟಡಗಳಿಗೂ ಹೋಂಸ್ಟೇ ಬೋರ್ಡು. ಅದಕ್ಕಾಗಿ ಇಳಿಜಾರನ್ನು ಜೆಸಿಬಿಯಲ್ಲಿ ಕಡಿಯುವುದೂ ಜಾಸ್ತಿಯಾಗಿದೆ. ಮನೆಯವರು ಅಲ್ಲೇ ವಾಸ ಇರಬೇಕು ಅನ್ನೋದೇ ನಿಯಮ ಅಲ್ವಾ? ನೋಂದಣಿ ಕೊಡುವ ಮೊದಲು ಅಧಿಕಾರಿಗಳು ಕೋಣೆ ಎಣಿಸಿದರೆ ಸಾಲದು. ಆ ಮನೆಯವರು ನಿಜವಾಗಿಯೂ ಅಲ್ಲೇ ಉಣ್ಣುತ್ತಾರಾ, ಮಲಗುತ್ತಾರಾ ಅಂತ ಹೋಗಿ ನೋಡಲಿ.

– ಕಾಫಿ ಬೆಳೆಗಾರ, ಮಡಿಕೇರಿ ತಾಲ್ಲೂಕು